ಕೋಡಿನ ಕೆಳಗಿನ ಗೆರೆ

ನವೆಂಬರ್ 4, ಮಂಗಳವಾರ

ಪುಸ್ತಕವನ್ನು ತಿರುವಿ ಹಿಡಿದು ಹಿಂದಿನ ಪುಟದಿಂದ ಬರೆಯುತ್ತಿದ್ದೇನೆ. ಮುಂದಿನ ಕಡೆ ಗಾಡಿಗಳ ದೋಷದ ಕೋಡುಗಳಿವೆ. ಅದೂ ನನ್ನದೇ ಅಕ್ಷರ. ನಮ್ಮ ಯಜಮಾನರು ಗಾಡಿಗೆ ಮಷಿನ್ ಚುಚ್ಚಿ, ಪರದೆ ನೋಡಿ ಕೂಗುತ್ತಿದ್ದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದೆ. ಅವರ ಕೈಗೆ ಯಾವಾಗಲೂ ಗ್ರೀಸು. ಆರು ವರ್ಷ ಹೀಗೇ ನಡೆಯಿತು.

ಅವರು ತೀರಿಹೋಗಿ ಇವತ್ತಿಗೆ ಮೂರು ತಿಂಗಳು. ಅವರ ಕಡೆಯ ತಿಂಗಳು, ಜುಲೈ ಪುಟಗಳಿಗೆ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೇನೆ. ಅವನ್ನು ತೆಗೆಯುವುದಿಲ್ಲ.

ಅಂಗಡಿಯ ಬೀಗ ತೆಗೆದೆ. ಒಳಗೆ ಇಲಿ ಸತ್ತು ಒಣಗಿತ್ತು. ನಂದೂರಿನ ದಾಲ್ ಮಿಲ್ಲಿನ ಹೊಟ್ಟು ಎಲ್ಲದರ ಮೇಲೂ ಹಳದಿಯಾಗಿ ಕೂತಿದೆ, ಎಣ್ಣೆ ಇದ್ದಲ್ಲಿ ಅಂಟು ಗಟ್ಟಿಯಾಗಿದೆ. ಎದುರಿನ ಹೋಟೆಲಿನಿಂದ ಚಹಾ ಕಳಿಸಿದರು. ಮೇಲೆ ಕೆನೆ ತೊಗಲಿನ ಹಾಗೆ ಸುಕ್ಕುಗಟ್ಟಿತ್ತು. ನೋಡಿದ ಕೂಡಲೇ ಚರಂಡಿಗೆ ಚೆಲ್ಲಿದೆ.

ಮಾತಾಡಿಸಲು ಬಂದವರು ಎರಡು ಮಾತು ಮರುಗುತ್ತಾರೆ. ಮೂರನೆಯ ಮಾತಿಗೆ, ಅವರ ಮಷಿನ್ ಮಾರುತ್ತೀಯಾ ಎಂದು ಕೇಳುತ್ತಾರೆ.

ಮೈದುನ ಯಶವಂತ ಕಮಲಾಪುರದಿಂದ ಫೋನ್ ಮಾಡಿದ್ದ. "ವೈನಿ, ಸುಧಾಕರನ ಕಡೆ ಒಂದು ಗಾಡಿ ಬಂದದ. ಏಳು ಸೀಟಿಂದು, ಎತ್ತರ ಅದ. ಅಪ್ಪಗ ಹಿಂದ ಮಲಗಾಕ ಬರ್ತದ. ನೀವು ಮಷಿನ್ ಹಿಡಕೊಂಡು ಶುಕ್ರವಾರ ಬರ್ರಿ."

ಮಾವನವರಿಗೆ ಮಂಗಳವಾರ, ಶುಕ್ರವಾರ ಇಲ್ಲಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕಮಲಾಪುರದಿಂದ ಬಸ್ಸಿನಲ್ಲೇ ಬಂದು ಹೋಗುತ್ತಾರೆ. ಹೋದ ವಾರ ತಿರುಗಿ ಹೋಗುವಾಗ ಬಸ್ಸಿನಲ್ಲಿ ವಾಂತಿ ಮಾಡಿಕೊಂಡರಂತೆ. ಮೂವತ್ತು ವರ್ಷ ಕಂಡಕ್ಟರ್ ಆಗಿ ಟಿಕೆಟ್ ಹರಿದ ಮನುಷ್ಯ. ಯಾರೋ ಕಾಲು ಎತ್ತಿಕೊಂಡು ಛೀ ಅಂದರಂತೆ.

ಮಷಿನ್ ಓದಲು ನನಗೆ ಬರುತ್ತದೆಯೇ ಎಂದು ಅವನು ಕೇಳಲಿಲ್ಲ.

ನವೆಂಬರ್ 7, ಶುಕ್ರವಾರ

ಸುಧಾಕರನ ಹಳೇ ಗಾಡಿಗಳ ಅಂಗಳ ನಮ್ಮ ಅಂಗಡಿಯಿಂದ ಎರಡು ಫರ್ಲಾಂಗು. ಬಿಳಿ ಗಾಡಿ, ಮಹಾರಾಷ್ಟ್ರದ ನಂಬರು. ಟೈರಿಗೂ ಕಪ್ಪು ಪಾಲಿಶ್ ಬಳಿದಿದ್ದರು. ಬಾಗಿಲು ತೆಗೆದರೆ ಒಳಗಿಂದ ಮಲ್ಲಿಗೆ ಸೆಂಟು ಮುಖಕ್ಕೆ ಹೊಡೆಯಿತು. ಸೆಂಟಿನ ಕೆಳಗೆ ಇನ್ನೊಂದು ವಾಸನೆ ಇತ್ತು. ತೊಯ್ದ ಗೋಣಿಚೀಲದ್ದು.

ಮಾವನವರು ಆಸ್ಪತ್ರೆಯಿಂದ ನೇರ ಬಂದಿದ್ದರು. ತೋಳಿಗೆ ಪಟ್ಟಿ, ಮುಖ ಸುಣ್ಣದ ಹಾಗೆ. ಯಶವಂತ ಅವರನ್ನು ಹಿಡಿದುಕೊಂಡಿದ್ದ.

ಸ್ಟೇರಿಂಗಿನ ಕೆಳಗೆ ಸಾಕೆಟ್ ಹುಡುಕಿ ನಮ್ಮ ಯಜಮಾನರ ಮಷಿನ್ ಚುಚ್ಚಿದೆ. ಚುಚ್ಚುವ ಮೊದಲು ಪಿನ್ನಿನ ಮೇಲೆ ಉಫ್ ಎಂದು ಊದಿದ್ದೆ. ಅದು ಅವರ ಚಾಳಿ.

ಕೋಡ್ ಒಂದೂ ಇಲ್ಲ ಎಂದು ಬಂತು.

"ನಾ ಹೇಳಿಲ್ಲೇನ್ರಿ?" ಎಂದ ಸುಧಾಕರ. "ಗಾಡಿ ಅಲ್ಲ, ಬಂಗಾರ."

ಅವರು ಯಾವಾಗಲೂ ಇನ್ನೆರಡು ಪರದೆ ಕೆಳಗೆ ಹೋಗಿ ನೋಡುತ್ತಿದ್ದರು. ನಾನೂ ಹೋದೆ. ಅಲ್ಲಿ ಒಂದು ಸಾಲು ಇರುತ್ತದೆ, ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಓಡಿದೆ ಎಂದು. ಹನ್ನೊಂದು ಕಿಲೋಮೀಟರ್. ಅಂದರೆ ಯಾರೋ ಅಳಿಸಿದ್ದಾರೆ, ಅಳಿಸಿದ ಮೇಲೆ ಗಾಡಿ ಹೆಚ್ಚು ಓಡಿಲ್ಲ. ದೋಷದ ಬೇರು ಉಳಿದಿದ್ದರೂ ಕೋಡ್ ತಿರುಗಿ ಬರಲು ಹನ್ನೊಂದು ಕಿಲೋಮೀಟರ್ ಸಾಲುವುದಿಲ್ಲ.

"ಯಾರ್ ಅಳಿಸ್ಯಾರ?" ಎಂದೆ.

"ಬ್ಯಾಟರಿ ಬದಲಿ ಮಾಡಿದ್ವಿ ವೈನಿ, ಹಂಗ ಆಗ್ತದ." ಆಮೇಲೆ ಮಾವನವರ ಕಡೆ ತಿರುಗಿ ದನಿ ಇಳಿಸಿದ. "ಅಪ್ಪಾರ, ಇದನ್ನ ನಿಮ್ಮ ಮಗ ಶಿವಶರಣಾನ ನೋಡ್ಯಾನ್ರಿ. ಜುಲೈದಾಗ. ತನ್ನ ಅಂಗಡ್ಯಾಗ ನೋಡ್ಯಾನ. ಏನೂ ಇಲ್ಲ ಅಂದಾನ. ನಾ ಬ್ಯಾರೆ ಯಾರ ಮಾತೂ ನಂಬಾಂವಲ್ಲ."

ಮಾವನವರು ಯಶವಂತನ ಕೈ ಬಿಡಿಸಿಕೊಂಡು ನಾಲ್ಕು ಹೆಜ್ಜೆ ನಡೆದು ಬಾನೆಟ್ಟಿನ ಮೇಲೆ ಅಂಗೈ ಊರಿದರು. ಬಿಸಿಲಿಗೆ ಕಾದಿತ್ತು. ಆದರೂ ಕೈ ತೆಗೆಯಲಿಲ್ಲ.

"ಅವನ ಕೈ ಹತ್ತಿದ್ದು," ಎಂದರು.

ನಾನು, ಇನ್ನೊಮ್ಮೆ ನೋಡುತ್ತೇನೆ, ಸೋಮವಾರದವರೆಗೆ ತಡೆಯಿರಿ ಎಂದೆ. ಮೀಟರ್ ಬರೆದುಕೊಂಡೆ. 78,423. ಈ ಗಾಡಿಯನ್ನು ಜುಲೈನಲ್ಲಿ ಬರೆದ ನೆನಪು ನನಗಿಲ್ಲ. ದಿನಕ್ಕೆ ಆರೇಳು ಬರುತ್ತಿದ್ದವು.

ಸುಧಾಕರ ನನ್ನ ಗಂಡನ ಹೆಸರನ್ನು ಬಾಯಲ್ಲಿ ಎಲೆ ಅಡಿಕೆಯ ಹಾಗೆ ತಿರುಗಿಸುತ್ತಾನೆ. ಮನೆಗೆ ಬಂದು ಕೈ ತೊಳೆದೆ. ಎರಡು ಸಲ.

ನವೆಂಬರ್ 8, ಶನಿವಾರ

ಅತ್ತೆಯವರ ಫೋನು. "ಅವಾ ನೋಡಿದ ಗಾಡಿ ಅಂದ್ರ ನೀ ಏನ್ ಮತ್ತ ನೋಡಾದು? ಗಂಡನ ಮ್ಯಾಲ ಭರೋಸಾ ಇಲ್ಲೇನು?" ಗಾಡಿಯ ಪೂಜೆಗೆ ನಿಂಬೆಹಣ್ಣು, ತೆಂಗಿನಕಾಯಿ ತರಿಸಿಟ್ಟಿದ್ದಾರಂತೆ.

ರಾತ್ರಿ ಜೋಳದ ರೊಟ್ಟಿ ಬಾಯಲ್ಲೇ ತಿರುಗಿತು. ಉಗಿದೆ.

ನವೆಂಬರ್ 10, ಸೋಮವಾರ

ತುಕ್ಕು ನೋಡಲು ಪಕ್ಕದಂಗಡಿಯ ಕರೀಂಸಾಬ್ ಚಾಚಾನನ್ನು ಕರೆದುಕೊಂಡು ಹೋದೆ. ನಲವತ್ತು ವರ್ಷದಿಂದ ಗಾಡಿಗಳ ಡೆಂಟ್ ತೆಗೆದು ಬಣ್ಣ ಹೊಡೆಯುವವನು. ಮೊದಲು ಬರುವುದಿಲ್ಲ ಅಂದ. ಮೊಣಕಾಲು ನೋವು ಅಂದ. ನಾನು ಅಲ್ಲೇ ನಿಂತೆ. ಕಡೆಗೆ ಎದ್ದ.

ಹಳೇ ರೇಡಿಯೋದಿಂದ ಕಿತ್ತ ಒಂದು ಅಯಸ್ಕಾಂತ ಅವನ ಹತ್ತಿರ ಇದೆ, ಬಣ್ಣಕ್ಕೆ ಗೀಚು ಬೀಳದ ಹಾಗೆ ಬನಿಯನ್ ಬಟ್ಟೆ ಸುತ್ತಿದ್ದು. ತಗಡಿದ್ದಲ್ಲಿ ಹಿಡಿಯುತ್ತದೆ. ತುಕ್ಕು ತಿಂದು, ಪುಟ್ಟಿ ಎಂಬ ಅಂಟುಹಿಟ್ಟು ಮೆತ್ತಿ ಬಣ್ಣ ಹೊಡೆದ ಕಡೆ ಹಿಡಿಯುವುದಿಲ್ಲ.

"ಏನ್ ಚಾಚಾ, ಹೆಣ್ಣ ನೋಡಾಕ ಬಂದೀರೇನು?" ಎಂದ ಸುಧಾಕರ.

"ಹೌದಪಾ. ಮ್ಯಾಲ ದುಲ್ಹನ್ ಕಾಣ್ತದ. ಒಳಗ ಮುದುಕಿ ನಾನಿ ಕುಂತಾಳೇನು ನೋಡೂಣ."

ಚಾಚಾ ಗಾಡಿಯನ್ನು ಸುತ್ತಲಿಲ್ಲ. ನೇರ ಹೋಗಿ ಬಲಗಡೆ ಹಿಂದಿನ ಬಾಗಿಲ ಕೆಳಗಿನ ಅಂಚಿಗೆ ಅಯಸ್ಕಾಂತ ಇಟ್ಟ. ಅದು ಜಾರಿ ಮಣ್ಣಿಗೆ ಬಿತ್ತು. ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿದ. ಒಡಕು ಮಡಕೆಯ ಹಾಗೆ ಸದ್ದು. ಅಂಚಿನ ಒಳಮಗ್ಗುಲಿಗೆ ತುದಿ ಒತ್ತಿದರೆ ಹಳಸಿದ ರೊಟ್ಟಿಗೆ ಹೋದ ಹಾಗೆ ಒಳಗೆ ಹೋಯಿತು. ಕೆಂಪು ಹಿಟ್ಟು ಉದುರಿತು.

"ಏ ಚಾಚಾ! ಗಾಡಿ ಒಡೀಬ್ಯಾಡ!"

"ಒಡದದ್ದು ನಾ ಅಲ್ಲ ಸುಧಾಕರ. ನಾ ಬರೇ ಕದಾ ಬಡದೀನಿ."

ನಾನು ಒಳಗೆ ಬಗ್ಗಿ ಕಾಲಡಿಯ ರತ್ನಗಂಬಳಿ ಎತ್ತಿದೆ. ಕೆಳಗೆ ಒಣಗಿದ ಮಣ್ಣು, ಹೊಳೆಯ ಮಣ್ಣು, ಬಿರುಕು ಬಿಟ್ಟಿತ್ತು. ಅದರಲ್ಲಿ ಒಂದು ಸಣ್ಣ ಶಂಖದ ಹುಳು ಸತ್ತಿತ್ತು. ಸೀಟ್ ಬೆಲ್ಟನ್ನು ತುದಿಯವರೆಗೆ ಎಳೆದೆ. ದಿನಾ ಯಾರೂ ಅಷ್ಟು ಎಳೆಯುವುದಿಲ್ಲ, ತೊಳೆಯುವವರೂ ಎಳೆಯುವುದಿಲ್ಲ. ಕಡೆಯ ಗೇಣಿನಲ್ಲಿ ಕಂದು ಗೆರೆ ಮೂಡಿತ್ತು. ನೀರು ಅಲ್ಲಿಯವರೆಗೆ ನಿಂತಿತ್ತು. ಯಾವ ಊರಿನ ನೆರೆಯೋ.

ಬಾನೆಟ್ ಎತ್ತಿ ಇಂಜಿನ್ನಿನ ಕಂಪ್ಯೂಟರ್ ಡಬ್ಬಿಯ ಸಾಕೆಟ್ ಬಿಚ್ಚಿದೆ. ಪಿನ್ನುಗಳ ಬುಡಕ್ಕೆ ಹಸಿರು ಹಿಟ್ಟು, ಬೂಷ್ಟಿನ ಹಾಗೆ. ನೀರು ಅದರೊಳಗೂ ಹೊಕ್ಕಿತ್ತು.

ತಿರುಗಿ ಬರುವಾಗ ಕೇಳಿದೆ. "ಚಾಚಾ, ಬ್ಯಾರೆ ಎಲ್ಲೂ ಬಡೀಲಿಲ್ಲ ನೀವು. ನೇರ ಅಲ್ಲೇ ಹೋದ್ರಿ."

ಅವನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ.

"ಪುಟ್ಟಿ ನಾನಾ ಹಚ್ಚೀನಿ ಬೇಟಿ. ಜುಲೈದಾಗ. ಹಚ್ಚಿದ ಕೈಗೆ ಗೊತ್ತಿರ್ತದಲ್ಲಾ."

ಆಮೇಲೆ ನೆಲ ನೋಡುತ್ತ ಹೇಳಿದ. "ಹೊರಗಿಂದು ನಾ ಮುಚ್ಚಿದೆ. ಒಳಗಿಂದು ನಿನ್ನ ಗಂಡ ಮುಚ್ಚಿದ. ಅಲ್ಲಾಹ್ ಮಾಫ್ ಕರೇ. ಆ ಗಾಡಿದಾಗ ಅವನ ಅಪ್ಪಾನ ಕೂಡತಾನ ಅಂತ ಯಾಂವಗ ಗೊತ್ತಿತ್ತು?"

ಅವನನ್ನು ಅಲ್ಲೇ ಬಿಟ್ಟು ಬಂದೆ.

ನವೆಂಬರ್ 11, ಮಂಗಳವಾರ

ರಬ್ಬರ್ ಬ್ಯಾಂಡ್ ತೆಗೆದೆ. ಹಳತಾಗಿತ್ತು, ಹರಿದು ಕೈಗೆ ಅಂಟಿತು.

ಜುಲೈ 17. ಬಿಳಿ ಗಾಡಿ, ಮಹಾರಾಷ್ಟ್ರ ನಂಬರು, ಸುಧಾಕರ. ಮೀಟರ್ 78,412. ಪಿ 0606. ಯು 0100. ಕೆಳಗೆ ಗೆರೆ.

ಮೊದಲನೆಯ ಕೋಡಿಗೆ, ಕಂಪ್ಯೂಟರಿನ ತಲೆಯೇ ಕೆಟ್ಟಿದೆ ಎಂದರ್ಥ. ಎರಡನೆಯದಕ್ಕೆ, ಅದರ ಮಾತು ಗಾಡಿಯ ಉಳಿದ ಭಾಗಕ್ಕೆ ಮುಟ್ಟುತ್ತಿಲ್ಲ ಎಂದು. ಇವೆರಡೂ ಇರುವ ಗಾಡಿ ಓಡುತ್ತ ಓಡುತ್ತಲೇ ಬಂದ್ ಬೀಳಬಹುದು. ಹಿಂದೆ ಲಾರಿ ಬರುತ್ತಿದ್ದರೂ ಬೀಳಬಹುದು.

78,423ರಲ್ಲಿ 78,412 ಕಳೆದರೆ ಹನ್ನೊಂದು. ಆಮೇಲೆ ಬೇರೆ ಯಾರೂ ಅಳಿಸಿಲ್ಲ. ನನ್ನ ಗಂಡ. ಅವನೇ.

ಗೆರೆ ಎಂದರೆ ಏನೆಂದು ಇಷ್ಟು ದಿನ ತಿಳಿದಿದ್ದೆ? ರಿಪೇರಿ ಆಯಿತು, ಕೋಡ್ ಅಳಿಸಿಯಾಯಿತು ಎಂದು. ಬೇರೆ ಗಾಡಿಗಳಲ್ಲಿ ಕೋಡಿಗೂ ಗೆರೆಗೂ ನಡುವೆ ನಾನೇ ಬರೆದಿದ್ದೇನೆ. ಸೆನ್ಸರ್ ಹೊಸದು. ವೈರು ಬದಲಿ. ಪೈಪು ಒಡೆದಿತ್ತು. ಇಲ್ಲಿ ನಡುವೆ ಏನೂ ಇಲ್ಲ. ಕೋಡು, ತಕ್ಷಣ ಗೆರೆ.

ಮೊದಲ ಪುಟದಿಂದ ನೋಡುತ್ತ ಬಂದೆ. ನಡುವೆ ಏನೂ ಇಲ್ಲದ ಗೆರೆಗಳು ನಲವತ್ತೊಂದು. ಎಲ್ಲ ಸುಧಾಕರನ ಗಾಡಿಗಳು. ಎಲ್ಲ ಗೆರೆಗಳೂ ನೆಟ್ಟಗಿವೆ. ನಾನು ಸ್ಕೇಲ್ ಇಟ್ಟು ಎಳೆಯುತ್ತಿದ್ದೆ.

"ಗೆರಿ ಎಳಿ ಮಲ್ಲಿ, ಚಹಾ ಕುಡಿಯೂಣ," ಅನ್ನುತ್ತಿದ್ದ. ನಾನು ಎಳೆಯುತ್ತಿದ್ದೆ. ಹತ್ತನೇ ಇಯತ್ತೆ ಓದಿದವಳು ನಾನು. ಒಮ್ಮೆಯೂ ಕೇಳಲಿಲ್ಲ.

ನವೆಂಬರ್ 12, ಬುಧವಾರ

ಗೂಟಕ್ಕೆ ಹಾಕಿದ್ದ ಅವನ ಅಂಗಿಯನ್ನು ಬಕೆಟ್ಟಿಗೆ ಹಾಕಿದೆ. ಮೂರು ತಿಂಗಳು ತೊಳೆಯದೆ ಇಟ್ಟುಕೊಂಡು ಮೂಸುತ್ತಿದ್ದೆ. ನೀರು ಮೂರು ಸಲ ಕಪ್ಪಾಯಿತು.

ನವೆಂಬರ್ 14, ಶುಕ್ರವಾರ

ಸುಧಾಕರ ಅಂಗಡಿಗೇ ಬಂದ. ಕೈಯಲ್ಲಿ ಪೇಢೆಯ ಡಬ್ಬಿ.

"ವೈನಿ, ಗಾಡಿ ನಾಳೆ ಕೊಡತೀನಿ ಅಂತ ಅಪ್ಪಾರಿಗಿ ಮಾತು ಕೊಟ್ಟೀನಿ."

"ಕೊಡಬ್ಯಾಡ್ರಿ."

"ಹಂಗಂದ್ರ ಅವ್ರಿಗಿ ಏನಂತ ಹೇಳತೀರಿ?" ಅವನು ನಗಲಿಲ್ಲ, ಗದರಿಸಲೂ ಇಲ್ಲ. ನಿಜವಾಗಿ ಕೇಳುವವನ ಹಾಗೆ ಕೇಳಿದ. "ಕೋಡ್ ಇತ್ತು ಅನ್ನಬೇಕು. ಅಳಿಸಿದಾಂವ ಯಾರು ಅಂತ ಕೇಳ್ತಾರ. ಮುದುಕ ಮನುಷ್ಯಾ. ವಾರಕ್ಕ ಎರಡ ಸಲ ರಕ್ತ ತೊಳಿಸಿಕೊಳ್ಳಾಂವ. ಮಗನ ಹೆಸರೊಂದ ಉಳದದ ಅವಗ."

ಅವನು ಹೇಳಿದ್ದು ಖರೆ ಇತ್ತು. ಹೇಳಿದ ಬಾಯಿ ಮಾತ್ರ ಹೊಲಸು.

"ಅಂಗಡಿ ನಡಸ್ರಿ. ನನ್ನ ಗಾಡಿ ಎಲ್ಲಾ ನಿಮಗಾ ಕಳಸತೀನಿ. ಒಂದು ಬಟನ್ ಒತ್ತೂದು, ಅಷ್ಟಾ. ಶಿವಶರಣಣ್ಣ ಎಂದೂ ಇಷ್ಟು ವಿಚಾರ ಮಾಡಿದಾಂವಲ್ಲ."

"ನಾ ಓದತೀನಿ, ಬರಿತೀನಿ. ರಿಪೇರಿ ಇಲ್ಲದ ಅಳಿಸಂಗಿಲ್ಲ."

"ಹಂಗಾದ್ರ ಮಷಿನ್ ಮಾರಿಬಿಡ್ರಿ."

"ನನ್ನ ಮಷಿನ್ ಅದು. ಮಾರಂಗಿಲ್ಲ."

ಪೇಢೆ ಅಲ್ಲೇ ಬಿಟ್ಟು ಹೋದ. ಇರುವೆ ಮುತ್ತಿದವು. ಡಬ್ಬಿಯನ್ನು ಕಾಲಿನಿಂದ ಹೊರಗೆ ತಳ್ಳಿದೆ.

ನವೆಂಬರ್ 16, ಭಾನುವಾರ

ಕಮಲಾಪುರಕ್ಕೆ ಹೋಗಿ ಬಂದೆ.

ಬಸ್ಸಿನಲ್ಲಿ ಪುಸ್ತಕ ತೊಡೆಯ ಮೇಲಿತ್ತು. ನಾಲ್ಕು ಬಗೆ ಯೋಚಿಸಿದೆ. ತುಕ್ಕಿನ ಮಾತು ಮಾತ್ರ ಹೇಳುವುದು. ಬೇರೆ ಯಾರೋ ಅಳಿಸಿದ್ದಾರೆ ಎನ್ನುವುದು. ನಾನೇ ಅಳಿಸಿದೆ ಎನ್ನುವುದು. ಏನೂ ಹೇಳದೆ, ಗಾಡಿ ನನಗೆ ಮನಸ್ಸಿಗೆ ಬಂದಿಲ್ಲ ಎನ್ನುವುದು. ಒಂದೊಂದೂ ಆ ಬಾಗಿಲಿನ ಪುಟ್ಟಿಯ ಹಾಗೇ ಕಂಡಿತು.

ಮನೆಯ ಮುಂದೆ ಕೆಂಪು ಬಾಳೆಯ ಗೊನೆಗಳನ್ನು ಗೋಡೆಗೆ ಆನಿಸಿದ್ದರು. ಯಶವಂತ ಸಂತೆಗೆ ಒಯ್ಯಲು ಎಣಿಸುತ್ತಿದ್ದ. ಅತ್ತೆಯವರು ಗಾಡಿಯ ಪೂಜೆಗೆ ಯಾವ ಸೋಮವಾರ ಛಲೋ ಎಂದು ಕೇಳಿಸಿಕೊಂಡು ಬಂದಿದ್ದರು.

ಮಾವನವರ ಮುಂದೆ ಪುಸ್ತಕ ತೆಗೆದು ಜುಲೈ 17ರ ಮೇಲೆ ಬೆರಳಿಟ್ಟೆ. ಎಲ್ಲ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಒಣಗಿದಂತೆ ಕೇಳಿಸಿತು. ಅಳು ಬರಲಿಲ್ಲ.

ಅತ್ತೆ ಎದ್ದು ನಿಂತರು. "ಸತ್ತಾಂವ ತಿರುಗಿ ಬಂದು ಮಾತಾಡಂಗಿಲ್ಲ ಅಂತ ಹೊರಸಾಕತ್ತೀ? ಇದು ನಿನ್ನ ಅಕ್ಷರ! ಅವಂದಲ್ಲ!"

"ಹೌದ್ರಿ ಅತ್ತಿ, ನಂದಾ. ಅವ್ರು ಹೇಳಿದ್ರು, ನಾ ಬರದೆ. ಗೆರಿನೂ ನಾನಾ ಎಳದೀನಿ."

"ಶಂಕ್ರಮ್ಮಾ, ಕೂಡು," ಎಂದರು ಮಾವ. ಕನ್ನಡಕ ಹಾಕಿಕೊಂಡು ಪುಟ ಓದಿದರು. ತಾರೀಕು, ನಂಬರು, ಮೀಟರು. ಚೆಕಿಂಗ್ ಸ್ಕ್ವಾಡಿನವರು ಕಂಡಕ್ಟರನ ಟಿಕೆಟ್ ಲೆಕ್ಕದ ವೇಬಿಲ್ ಓದುವ ಹಾಗೆ, ಒಂದೊಂದು ಸಾಲಿಗೂ ಉಗುರು ಊರಿ. ಹಿಂದಿನ ಪುಟಕ್ಕೆ ಹೋದರು. ಅದರ ಹಿಂದಿನದಕ್ಕೆ.

"ಹಿಂಗ ಖಾಲಿ ಬಿಟ್ಟವು ಎಷ್ಟ ಅದಾವ?"

"ನಲವತ್ತೊಂದು."

ಹೊರಗೆ ಯಶವಂತ ಎಣಿಸುವುದನ್ನು ನಿಲ್ಲಿಸಿದ್ದ.

"ನಾ ಹತ್ತಲಿಲ್ಲ, ಛಲೋ ಆತು," ಎಂದರು. "ನಲವತ್ತ ಮನಿಯವ್ರು ಹತ್ತಿ ಹೊಂಟಾರಲ್ಲಾ. ಸಣ್ಣ ಕೂಸು ಕಟ್ಟಿಕೊಂಡು ಹೊಂಟಿರ್ತಾರ." ಪುಸ್ತಕವನ್ನು ನನ್ನ ಕಡೆ ಸರಿಸಿ, "ನಂಬರ್ ಎಲ್ಲಾ ಬರದೀ ಹೌದಿಲ್ಲೋ? ಒಂದು ಕಾಗದದಾಗ ಇಳಿಸಿ ಕೊಡು."

"ಯಾಕ್ರಿ ಮಾವ?"

"ಬಸ್ಸಿನ ಕಿಡಕಿ ಎತ್ತರ ಅದ. ವಾರಕ್ಕ ನಾಕ ಸಲ ಆ ರಸ್ತಾದಾಗ ಕೂಡತೀನಿ. ಸುಮ್ಮ ಕೂಡೂದು ಯಾಕ?"

ಅಲ್ಲೇ ಕೂತು ನಲವತ್ತೊಂದು ನಂಬರನ್ನೂ ಇಳಿಸಿಕೊಟ್ಟೆ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗಿನ ಕಿಸೆಗೆ ಇಟ್ಟುಕೊಂಡರು. ಕಿಸೆ ಸಿಗಲು ಎರಡು ಸಲ ಬೇಕಾಯಿತು.

ಕಮಲಾಪುರದಿಂದ ಬರುವಾಗೆಲ್ಲ ಅತ್ತೆ ರೊಟ್ಟಿ ಕಟ್ಟಿ ಕೊಡುತ್ತಿದ್ದರು, ಶೇಂಗಾ ಚಟ್ನಿಪುಡಿಯ ಹಿಂಡಿ ಹಾಕಿ. ಇವತ್ತು ಒಳಗಿನ ಬಾಗಿಲು ಹಾಕಿಕೊಂಡರು. ಮೊದಲ ಸಲ ಬರಿಗೈಲಿ ಬಂದೆ.

ನವೆಂಬರ್ 18, ಮಂಗಳವಾರ

ಯಶವಂತ ಫೋನ್ ಮಾಡಿದ್ದ. ಸುಧಾಕರನಿಗೆ ಬೇಡ ಎಂದು ಹೇಳಿಯಾಯಿತಂತೆ. ಅತ್ತೆ ಇನ್ನೂ ನನ್ನ ಹೆಸರು ಎತ್ತುತ್ತಿಲ್ಲ.

ಬಿಳಿ ಗಾಡಿ ಸುಧಾಕರನ ಅಂಗಳದಲ್ಲೇ ನಿಂತಿದೆ. ಬಾಗಿಲಿನ ತೂತಿಗೆ ಹೊಸ ಪುಟ್ಟಿ ಬಿದ್ದಿದೆ. ಮೆತ್ತಿದ್ದು ಚಾಚಾ ಅಲ್ಲ. ಕೇಳುವ ಮೊದಲೇ ಆಣೆ ಇಟ್ಟು ಹೇಳಿದ.

ನವೆಂಬರ್ 21, ಶುಕ್ರವಾರ

ಮಾವನವರಿಗೆ ಮೊದಲನೆಯದು ಸಿಕ್ಕಿತು. ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರೇ ನಿಂತಿತ್ತಂತೆ. ಇಳಿದು ಹೋಗಿ ಹೇಳಿದ್ದಾರೆ. ಗಾಡಿಯವನು, ಯಾವನೋ ನೀನು ಮುದುಕಾ ಎಂದು ಬೈದನಂತೆ. ಮಧ್ಯಾಹ್ನ ಅವನೇ ಗಾಡಿ ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದ. ನನ್ನನ್ನೂ ಬೈದ. ಬೈಸಿಕೊಳ್ಳುತ್ತಲೇ ಮಷಿನ್ ಚುಚ್ಚಿದೆ. ಅಳಿಸಿದ್ದ ಕೋಡೇ ತಿರುಗಿ ಬಂದಿತ್ತು. ಬ್ರೇಕಿನದು.

ಅವನ ಮೇಲಿನ ಹೇಸಿಗೆ ಹೋಗಿಲ್ಲ. ಗಾಡಿಯವನ ಮೇಲಿನದಲ್ಲ, ನನ್ನ ಗಂಡನ ಮೇಲಿನದು.

ನವೆಂಬರ್ 25, ಮಂಗಳವಾರ

ಯಶವಂತ ಇನ್ನೊಂದು ಗಾಡಿ ತಂದಿದ್ದ. ಕಮಲಾಪುರದ ಮೇಷ್ಟ್ರೊಬ್ಬರದು. ಬೂದು ಬಣ್ಣ, ಹಿಂದಿನ ಬಾಗಿಲಿಗೆ ಅಂಗೈ ಅಗಲ ತುಕ್ಕು, ಎದುರಿಗೆ ಇಂಜಿನ್ನಿನ ಹಳದಿ ದೀಪ ಉರಿಯುತ್ತಲೇ ಇದೆ. ಅದು ಹೀಗೇ ಉರಿಯುತ್ತದೆ, ನೋಡಿಕೊಂಡು ತಗೊಳ್ಳಿ ಎಂದರಂತೆ ಮೇಷ್ಟ್ರು.

ಕರೀಂಸಾಬ್ ಚಾಚಾ ಕರೆಯದೇ ಬಂದ. ಗಾಡಿಯ ಸುತ್ತ ಪೂರಾ ಒಂದು ಸುತ್ತು, ಅಡಿಗೆ ನುಸುಳಿ ಇನ್ನೊಂದು ಸುತ್ತು ಬಡಿದ. ಬೆನ್ನಿಗೆ ಮಣ್ಣು ಹತ್ತಿಸಿಕೊಂಡು ಹೊರಗೆ ಬಂದ. "ಕಣ್ಣಿಗಿ ಕಾಣೂ ತುಕ್ಕು. ಶರೀಫ್, ಮೋಸ ಇಲ್ಲದ ತುಕ್ಕು ಅದ ಬೇಟಿ. ಕತ್ತರಿಸಿ ಹೊಸಾ ತಗಡ ಹಾಕತೀನಿ. ಪುಟ್ಟಿ ಮುಟ್ಟಂಗಿಲ್ಲ."

ಮಾವನವರು ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಕೂರುತ್ತಿದ್ದ ಸ್ಟೂಲು. ಕಿಸೆಯಿಂದ ಆ ಕಾಗದ ತೆಗೆದು ತೋರಿಸಿದರು. ನಾಲ್ಕು ನಂಬರಿನ ಮುಂದೆ ಗುರುತು ಬಿದ್ದಿತ್ತು. ಬಟ್ಟೆಯಲ್ಲಿ ಸುತ್ತಿದ ಇನ್ನೊಂದನ್ನೂ ಮೇಜಿನ ಮೇಲಿಟ್ಟರು. ನಾಲ್ಕು ರೊಟ್ಟಿ. ಹಿಂಡಿ ಇರಲಿಲ್ಲ.

"ಅಕಿ ಕಟ್ಟಿದ್ದಲ್ಲ," ಎಂದರು. "ನಾ ಕಟ್ಟತೀನಿ ಅಂದಾಗ ಬ್ಯಾಡ ಅನ್ನಲಿಲ್ಲ, ಅಷ್ಟಾ."

ಚಹಾ ಬಂತು. ಕೆನೆ ಕಟ್ಟಿತ್ತು. ಬೆರಳಿನಿಂದ ತೆಗೆದು ಹಾಕಿ ಕುಡಿದೆ. ಹೋಟೆಲಿನವರು ಹಾಲಿಗೆ ನೀರು ಹೆಚ್ಚು ಹಾಕಲು ಶುರು ಮಾಡಿದ್ದಾರೆ.

ನನ್ನ ಕೈಗೆ ಗ್ರೀಸು ಹತ್ತಿತ್ತು. ಪುಸ್ತಕ ಯಾರು ಹಿಡಿಯಬೇಕು ಎಂದು ನೋಡುವಷ್ಟರಲ್ಲಿ ಮಾವನವರೇ ಎತ್ತಿಕೊಂಡು ಮುಂದಿನ ಕಡೆಯಿಂದ ತೆರೆದರು. ಪಟ್ಟಿ ಕಟ್ಟಿದ ತೋಳಿನ ಕೆಳಗೆ ಆನಿಸಿಕೊಂಡು ಪೆನ್ನಿನ ಟೊಪ್ಪಿಗೆ ತೆಗೆದರು.

ಉಫ್ ಎಂದು ಊದಿ ಮಷಿನ್ ಚುಚ್ಚಿದೆ. ಪರದೆ ನೋಡಿ ಕೂಗಿದೆ. ಅವರು ಬರೆದರು. ಕಂಡಕ್ಟರನ ಅಂಕಿ, ಒಂದೊಂದೂ ಬಿಡಿಬಿಡಿ. ವೇಬಿಲ್ಲಿನಲ್ಲಿ ಒಂದೊಂದು ಸ್ಟೇಜ್ ಮುಗಿದ ಕೂಡಲೇ ಗೆರೆ ಎಳೆಯುವುದು ಅವರ ಮೂವತ್ತು ವರ್ಷದ ರೂಢಿ. ಕೈ ತಾನಾಗಿ ಸ್ಕೇಲಿನ ಕಡೆ ಹೋಯಿತು.

"ಈಗ ಬ್ಯಾಡ್ರಿ ಮಾವ," ಎಂದೆ. "ರಿಪೇರಿ ಆದ ಮ್ಯಾಲ."

ಸ್ಕೇಲನ್ನು ಎತ್ತಿ ಪಕ್ಕಕ್ಕೆ ಇಟ್ಟರು.

ನವೆಂಬರ್ 25. ಬೂದು ಗಾಡಿ. ಮೀಟರ್ 1,12,640. ಪಿ 0299. ಅದರ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದಾರೆ.